ವಿಪತ್ತು ಬರುವ ಮುನ್ನ ನಮ್ಮ ಸಿದ್ಧತೆ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ಪ್ರತಿ ವರ್ಷ ಈ ಸಭೆಯಲ್ಲಿ ಫೀ, ಪುಸ್ತಕ, ಹಾಸ್ಟೆಲ್ ಖರ್ಚಿನ ಲೆಕ್ಕ ಒಪ್ಪಿಸುತ್ತೇವೆ. ಆ ಲೆಕ್ಕ ಈ ವರದಿಯ ಮುಂದಿನ ಪುಟಗಳಲ್ಲಿದೆ. ಇಂದು ಇನ್ನೊಂದು ಮಾತು ನಿಮ್ಮ ಮುಂದಿಡುತ್ತೇವೆ. ನೆರೆ, ಬೆಂಕಿ ಅಥವಾ ಅಪಘಾತ ಬಂದು ಮನೆ ತತ್ತರಿಸಿದಾಗ ಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

2019ರ ಆಗಸ್ಟ್ ತಿಂಗಳನ್ನು ನಮ್ಮ ಜಿಲ್ಲೆ ಮರೆತಿಲ್ಲ. ವರದಾ ನದಿ ಹುಟ್ಟುವುದು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ. ಅದು ನಮ್ಮ ಜಿಲ್ಲೆಯನ್ನು ಹಾದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಆದ್ದರಿಂದ ಮಳೆ ಮಲೆನಾಡಿನಲ್ಲಿ ಸುರಿದರೂ ನೀರು ಏರುವುದು ನಮ್ಮ ಊರುಗಳಲ್ಲಿ. ಇಲ್ಲಿ ಬಿಸಿಲಿದೆ ಎಂದು ನದಿ ದಂಡೆಯವರು ನಿಶ್ಚಿಂತರಾಗಿರುವಂತಿಲ್ಲ. ಸಾಗರ, ಸೊರಬದ ಮಳೆಯ ಸುದ್ದಿ, ತುಂಗಾ ಮತ್ತು ಭದ್ರಾ ಅಣೆಕಟ್ಟೆಗಳಿಂದ ನೀರು ಬಿಡುವ ಸುದ್ದಿ, ಇವೆರಡನ್ನೂ ಮಳೆಗಾಲದಲ್ಲಿ ದಿನವೂ ಕೇಳಬೇಕು.

ಆ ವರ್ಷ ಸರ್ಕಾರ ತುರ್ತು ಪರಿಹಾರವಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ಇಂಥ ಪರಿಹಾರ ಪಡೆಯಲು ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆಯ ಕಾಗದ ಬೇಕು. ಮಣ್ಣಿನ ಗೋಡೆ ಕುಸಿದರೆ ಟ್ರಂಕಿನಲ್ಲಿದ್ದ ಕಾಗದವೂ ಅದರಡಿ ಸಿಕ್ಕಿಕೊಳ್ಳುತ್ತದೆ. ಮಕ್ಕಳ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ–ಆದಾಯ ಪ್ರಮಾಣಪತ್ರ ಹೋದರೆ ಕಾಲೇಜು ಪ್ರವೇಶವೂ ವಿದ್ಯಾರ್ಥಿವೇತನವೂ ತಡವಾಗುತ್ತವೆ. ಬಡ ಮನೆಯ ಹುಡುಗಿಗೆ ಒಂದು ವರ್ಷ ತಡವೆಂದರೆ ಬಹಳ ಸಲ ಓದೇ ಮುಗಿದಂತೆ. ಆದ್ದರಿಂದ ಪಾಲಕರಲ್ಲಿ ಮೊದಲ ವಿನಂತಿ: ಮೂಲ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿ. ಅಂಕಪಟ್ಟಿಯನ್ನು ಡಿಜಿಲಾಕರ್‌ನಲ್ಲಿ ಇಳಿಸಿಕೊಳ್ಳಿ. ಒಂದು ಜೆರಾಕ್ಸ್ ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ. ನಿಮ್ಮ ಒಪ್ಪಿಗೆಯಿದ್ದರೆ ಇನ್ನೊಂದು ಪ್ರತಿಯನ್ನು ನಾವೇ ಕಾಯ್ದಿಡುತ್ತೇವೆ.

ಎರಡನೆಯದು ಬೆಂಕಿ. 2023ರ ಆಗಸ್ಟ್ ಕೊನೆಯಲ್ಲಿ ಹಾವೇರಿ ಬಳಿಯ ಆಲದಕಟ್ಟಿಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕೂಲಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಬ್ಯಾಡಗಿಯಲ್ಲಿ ಒಣ ಮೆಣಸಿನಕಾಯಿಯ ರಾಶಿ ನಡುವೆ ಕುಳಿತು ತೊಟ್ಟು ಬಿಡಿಸುವ ತಾಯಂದಿರು ಈ ಸಭೆಯಲ್ಲೂ ಇದ್ದೀರಿ. ನೀವು ಕೆಲಸ ಮಾಡುವ ಜಾಗದಲ್ಲಿ ಹೊರಹೋಗಲು ಎರಡು ಬಾಗಿಲಿವೆಯೇ, ಚೀಲಗಳು ದಾರಿಗೆ ಅಡ್ಡವಾಗಿವೆಯೇ ಎಂದು ಮೊದಲೇ ನೋಡಿಕೊಳ್ಳಿ. ಹೊಗೆ ತುಂಬಿದರೆ ಒದ್ದೆ ಬಟ್ಟೆ ಮೂಗಿಗೆ ಹಿಡಿದು, ಬಗ್ಗಿ, ಹೊರಗೆ ಬನ್ನಿ. ಸಾಮಾನು ತರಲು ಮತ್ತೆ ಒಳಗೆ ಹೋಗಬೇಡಿ. ಗೋದಾಮು ನಡೆಸುವ ದಾನಿಗಳೂ ಇಲ್ಲಿದ್ದೀರಿ; ವೆಲ್ಡಿಂಗ್ ಮಾಡಿಸುವ ದಿನ ಮಾಲು ದೂರ ಸರಿಸುವುದು ನಿಮ್ಮ ಹೊಣೆ.

ಮೂರನೆಯದು ಹೆದ್ದಾರಿ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ನಿಂತಿದ್ದ ಲಾರಿಗೆ ಟಿಟಿ ವಾಹನ ಡಿಕ್ಕಿಯಾಗಿ 13 ಜನ ತೀರಿಕೊಂಡರು. ಪೊಲೀಸ್ ತಂಟೆಗೆ ಹೆದರಿ ಗಾಯಾಳುವನ್ನು ಮುಟ್ಟಲು ಹಿಂಜರಿಯುವ ಯುವಕರಿಗೆ ತಿಳಿದಿರಲಿ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 112 ಅಥವಾ 108ಕ್ಕೆ ಕರೆ ಮಾಡಿ, ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಈ ಕೆಲಸಕ್ಕೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳಲ್ಲಿ ಮೊಹಲ್ಲಾವಾರು ಸ್ವಯಂಸೇವಕರ ತಂಡ ಕಟ್ಟಲು ಬಯಸಿದ್ದೇವೆ. ನಡೆಯಲಾಗದ ವೃದ್ಧರು, ಗರ್ಭಿಣಿಯರು, ಅಂಗವಿಕಲರು ಯಾವ ಮನೆಯಲ್ಲಿದ್ದಾರೆ ಎಂಬ ಪಟ್ಟಿ ತಂಡದ ಬಳಿ ಇರಬೇಕು. ಮಸೀದಿಯ ಮೈಕು ಎಚ್ಚರಿಕೆ ಕೊಡಲು, ಶಾದಿ ಮಹಲ್ ಆಶ್ರಯಕ್ಕೆ ಸಿಗಬೇಕು, ಎಲ್ಲ ಧರ್ಮದವರಿಗೂ. ನೀರು ಏರುವಾಗ ಜಾತಿ ಕೇಳುವುದಿಲ್ಲ. ಅನ್ನ ಬಡಿಸುವ ನಾವೂ ಕೇಳಬಾರದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲೆಯಲ್ಲಿ ಈ ಕೆಲಸದ ಮುಖ್ಯಸ್ಥರು ಜಿಲ್ಲಾಧಿಕಾರಿಗಳು. ಆದ್ದರಿಂದ ತಂಡದ ಹೆಸರುಗಳನ್ನು ತಹಶೀಲ್ದಾರ್ ಕಚೇರಿಗೆ ಕೊಟ್ಟು, ಅವರ ಸೂಚನೆಯಂತೆಯೇ ನಡೆಯುತ್ತೇವೆ.

ದಾನಿಗಳಲ್ಲಿ ಒಂದು ಮಾತು. ಝಕಾತ್ ಅದರ ನಿಗದಿತ ಬಾಬತ್ತುಗಳಿಗೇ ಸಲ್ಲಬೇಕು. ವಿಪತ್ತಿನ ನಿಧಿಯನ್ನು ಸದಕಾದಿಂದ ಬೇರೆಯಾಗಿ ಕೂಡಿಸಿ, ಬೇರೆ ಖಾತೆಯಲ್ಲಿಟ್ಟು, ಲೆಕ್ಕವನ್ನು ಇದೇ ವರದಿಯಲ್ಲಿ ಅಚ್ಚು ಮಾಡುತ್ತೇವೆ. ನೆರೆ ಬಂದ ವಾರ ಬಟ್ಟೆಯ ಗಂಟು ಬಹಳ ಬರುತ್ತದೆ. ತಿಂಗಳಾದ ಮೇಲೆ ಪಠ್ಯಪುಸ್ತಕಕ್ಕೆ, ಪರೀಕ್ಷಾ ಶುಲ್ಕಕ್ಕೆ ಕೊಡುವವರು ಕಡಿಮೆ. ಆ ಹೊತ್ತಿಗಾಗಿ ಈ ನಿಧಿ.

ಹಜ್ರತ್ ಯೂಸುಫ್ (ಅ.ಸ.) ಅವರು ಬರ ಬಂದ ಮೇಲೆ ಧಾನ್ಯ ಹುಡುಕಲು ಹೊರಡಲಿಲ್ಲ. ಸಮೃದ್ಧಿಯ ಏಳು ವರ್ಷವೂ ತೆನೆಯಲ್ಲೇ ಕಾಳು ಉಳಿಸಲು ಹೇಳಿದರು. ಅಲ್ಲಾಹನ ಮೇಲಿನ ಭರವಸೆಗೆ ಮುಂಜಾಗ್ರತೆ ಅಡ್ಡಿಯಲ್ಲ ಎಂದು ಇದರಿಂದ ಕಲಿಯುತ್ತೇವೆ.

ಈ ಸಲದ ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಒಂದು ಹೆಚ್ಚುವರಿ ಹಾಳೆ ಇದೆ. ಅದರಲ್ಲಿ ನೆರೆ ಬರುವ ಜಾಗದಲ್ಲಿ ಮನೆಯಿದೆಯೇ, ತುರ್ತಿನಲ್ಲಿ ಯಾರಿಗೆ ತಿಳಿಸಬೇಕು ಎಂದು ಬರೆಯಿರಿ. ಅದನ್ನು ತುಂಬುವುದರಿಂದ ಆಯ್ಕೆಯಲ್ಲಿ ಹೆಚ್ಚು–ಕಡಿಮೆ ಆಗುವುದಿಲ್ಲ. ಆಪತ್ತಿನ ದಿನ ನಿಮ್ಮ ಮನೆಬಾಗಿಲಿಗೆ ಬರಲು ನಮಗೆ ಅದು ದಾರಿ ತೋರಿಸುತ್ತದೆ.

ಅಲ್ಲಾಹನು ನಮ್ಮ ಜಿಲ್ಲೆಯ ಎಲ್ಲ ಮನೆಗಳನ್ನೂ ಕಾಪಾಡಲಿ, ದಾನಿಗಳ ಸೇವೆಯನ್ನು ಸ್ವೀಕರಿಸಲಿ. ಆಮೀನ್.