ಬೆಳಗ್ಗೆ ಮಾಡಿದ ಗಂಜಿ, ಮಧ್ಯಾಹ್ನ ಮಗುವಿಗೆ ತಿನ್ನಿಸಬಹುದಾ?

ಇವತ್ತು ಮಾತಾಡ್ತಿರೋದು ಆರು ತಿಂಗಳು ದಾಟಿದ ಮಗುವಿನ ಊಟದ ಬಗ್ಗೆ.

ಕಂಪ್ಲಿಯ ಒಂದು ಮನೆ ಅಂದ್ಕೊಳ್ಳಿ. ತಾಯಿ ಬೆಳಗ್ಗೆ ಏಳಕ್ಕೆ ಅಕ್ಕಿ-ಹೆಸರುಬೇಳೆ ಗಂಜಿ ಮಾಡಿ, ಮುಚ್ಚಿಟ್ಟು, ಕೆಲಸಕ್ಕೆ ಅಂತ ಹೊಸಪೇಟೆ ಬಸ್ ಹತ್ತುತ್ತಾರೆ. ಮಧ್ಯಾಹ್ನ ಒಂದಕ್ಕೆ ಅಜ್ಜಿ ಅದನ್ನೇ ಬಿಸಿ ಮಾಡಿ ತಿನ್ನಿಸ್ತಾರೆ. ಮತ್ತೆ ಕುದಿಸಿದ್ರೆ ಎಲ್ಲಾ ಸರಿ ಹೋಗುತ್ತೆ ಅಂತ ನಂಬಿಕೆ. ತೊಂದರೆ ಇರೋದೇ ಇಲ್ಲಿ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಬೇಯಿಸಿದರೂ ಅವು ಉಳೀತವೆ. ಗಂಜಿ ಆರಿ ಉಗುರುಬೆಚ್ಚಗೆ ಕೂತಾಗ ಮೊಳೆತು, ಬೆಳೆದು, ವಿಷ ಬಿಡ್ತವೆ. ಅದರಲ್ಲಿ ಒಂದು ಬಗೆಯ ವಿಷ ಮತ್ತೆ ಕುದಿಸಿದರೂ ಹೋಗಲ್ಲ. ವಾಸನೆ ಬದಲಾಗದೇ ಇರಬಹುದು, ಹಾಗಾಗಿ ಮೂಸಿ ನೋಡಿದರೂ ಗೊತ್ತಾಗಲ್ಲ.

ನಾನು ಡಾಕ್ಟರ್ ಅಲ್ಲ, ಕಾಮರ್ಸ್ ಓದಿದವಳು. ಲೆಕ್ಕ ಮಾತ್ರ ಹೇಳ್ತೀನಿ. ಬೇಯಿಸಿದ ಊಟವನ್ನ ಹೊರಗೆ 2 ಗಂಟೆಗಿಂತ ಹೆಚ್ಚು ಇಡಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಸುತ್ತಲಿನ ಬಿಸಿ 32 ಡಿಗ್ರಿ ದಾಟಿದ್ರೆ 1 ಗಂಟೆ ಮಾತ್ರ ಅನ್ನೋದು ಅಮೆರಿಕದ ಆಹಾರ ಸುರಕ್ಷತಾ ಸಲಹೆ. ಸಂಡೂರು, ಹೊಸಪೇಟೆ ಬೇಸಿಗೆ ನಿಮಗೇ ಗೊತ್ತಲ್ಲ!

ಹಾಗಾದ್ರೆ ಏನು ಮಾಡೋದು? ಗಂಜಿ ಮಾಡಿಡಬೇಡಿ, ಹಿಟ್ಟು ಮಾಡಿಡಿ. ಹುರಿದು ಪುಡಿ ಮಾಡಿದ ಅಕ್ಕಿ-ಬೇಳೆ, ರಾಗಿ ಹಿಟ್ಟು, ಅಂಗನವಾಡಿಯಲ್ಲಿ ಕೊಡೋ ಪುಷ್ಟಿ, ಎಲ್ಲವನ್ನೂ ಒಣಗಿದ ಡಬ್ಬಿಯಲ್ಲಿಡಿ. ಒದ್ದೆ ಚಮಚ ಹಾಕಬೇಡಿ. ಹೊತ್ತಿಗೆ ಬೇಕಾದಷ್ಟೇ ಬೇಯಿಸಿ.

ಫ್ರಿಜ್ ಇದ್ದರೆ, ಮಾಡಿದ ತಕ್ಷಣ ಚಿಕ್ಕ ಚಿಕ್ಕ ಡಬ್ಬಿಗೆ ಹಾಕಿ, ಬೇಗ ಆರಿಸಿ ಒಳಗಿಡಿ. ದೊಡ್ಡ ಪಾತ್ರೆ ಬೇಗ ತಣ್ಣಗಾಗಲ್ಲ. ಗಂಜಿ 24 ಗಂಟೆಯೊಳಗೆ ಮುಗೀಬೇಕು. ಡಬ್ಬಿ ಮೇಲೆ ದಿನ, ಸಮಯ ಬರೀರಿ. ಕರೆಂಟ್ ಹೋಗಿ 4 ಗಂಟೆ ದಾಟಿದ್ರೆ ಆ ಗಂಜಿ ಮಗುವಿಗೆ ಬೇಡ. ತಿನ್ನಿಸುವಾಗ ಹಬೆ ಬರೋ ಹಾಗೆ ಒಂದೇ ಸಲ ಕಾಯಿಸಿ, ಆಮೇಲೆ ಆರಿಸಿ.

ಇನ್ನೊಂದು ಮಾತು, ಚಮಚದ್ದು. ಮಗುವಿನ ಬಾಯಿಗೆ ಹೋದ ಚಮಚ ಮತ್ತೆ ಬಟ್ಟಲಿಗೆ ಬಂತು ಅಂದ್ರೆ ಎಂಜಲು ಸೇರಿತು. ಆ ಬಟ್ಟಲಲ್ಲಿ ಉಳಿದದ್ದನ್ನ ಎತ್ತಿಡೋ ಹಾಗಿಲ್ಲ. ಮೊದಲೇ ಸ್ವಲ್ಪ ಬೇರೆ ಬಟ್ಟಲಿಗೆ ತೆಗೆದುಕೊಳ್ಳಿ. ಕೈಯನ್ನ ಸೋಪು ಹಾಕಿ ತೊಳೀರಿ, ಮಗುವಿನ ಕೈಯನ್ನೂ.

ಮಗು ಕಟ್ಟಿಕೊಂಡು ಹಂಪಿ ಸುತ್ತೋಕೆ ಹೊರಟ್ರಾ? ಗಂಜಿ ಡಬ್ಬಿ ಬಿಡಿ, ಬಾಳೆಹಣ್ಣು ತಗೊಳ್ಳಿ. ಸಿಪ್ಪೆನೇ ಅದರ ಪ್ಯಾಕಿಂಗ್. ಅಲ್ಲೇ ಸುಲಿದು, ಚೆನ್ನಾಗಿ ಹಿಸುಕಿ ಕೊಡಿ.

ಇಷ್ಟಾದರೂ ಭೇದಿ ಶುರುವಾದ್ರೆ ಎದೆಹಾಲು ನಿಲ್ಲಿಸಬೇಡಿ, ಓಆರ್‌ಎಸ್ ಕೊಡಿ. ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತೆ. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಕುಡಿಯೋಕೂ ಆಗದೆ ಮಂಕಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಕೊನೇದಾಗಿ, ಅಜ್ಜಿಗೆ 'ನಿಮಗೆ ಗೊತ್ತಿಲ್ಲ' ಅನ್ನಬೇಡ್ರಿ. ಅನ್ನ ಚೆಲ್ಲಬಾರದು ಅನ್ನೋದು ಅವರು ಬದುಕಿ ಕಲಿತ ಪಾಠ. ಕಡಿಮೆ ಬೇಯಿಸಿದ್ರೆ ಚೆಲ್ಲೋದೂ ಕಡಿಮೆ. ಹಿಟ್ಟಿನ ಡಬ್ಬಿ, ಅಳತೆ ಚಮಚ ಅವರ ಕೈಗೆ ಕೊಡಿ. ಒಂದು ಗಂಟೆಗೆ ಬಿಸಿಬಿಸಿ ಗಂಜಿ ಅವರೇ ಮಾಡ್ತಾರೆ.