ಹೊರಗುತ್ತಿಗೆ ಎಂಬ ಹೊಸ ಚಾಲಗೇಣಿ

ಪುತ್ತೂರು, ಸುಳ್ಯ, ಕಡಬದ ಹಿರಿಯರಿಗೆ ಚಾಲಗೇಣಿಯನ್ನು ವಿವರಿಸಬೇಕಿಲ್ಲ. ಧಣಿಯ ಭೂಮಿಯನ್ನು ಮೂಲಗೇಣಿಗೆ ಹಿಡಿದವನು ಅದನ್ನೇ ಚಾಲಗೇಣಿಗೆ ಕೊಡುತ್ತಿದ್ದುದುಂಟು. ಉಳುವವನಿಗೆ ಮುಂದಿನ ವರ್ಷದ ಖಾತರಿಯಿರಲಿಲ್ಲ.

ಇಲ್ಲಿಂದ ಬೆಂಗಳೂರಿಗೆ ಹೋಗಿ ಹೊರಗುತ್ತಿಗೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ವಯಸ್ಸಿನವರ ಪಾಡೂ ಇದೇ. ಕೆಲಸ ಹೇಳುವುದು ಒಂದು ಕಂಪೆನಿ, ಸಂಬಳ ಕೊಡುವುದು ಇನ್ನೊಂದು. ಒಪ್ಪಂದ ಮುಗಿದರೆ ಕೇಳುವವರಿಲ್ಲ.

ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. 2020ರ ಕಾರ್ಮಿಕ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಕೆಲಸ ಉಳಿಯುವ ಭರವಸೆ ಎರಡರಲ್ಲೂ ಇಲ್ಲ.

1974ರಲ್ಲಿ ಗೇಣಿ ಪದ್ಧತಿ ರದ್ದಾದಾಗ, ಭೂನ್ಯಾಯ ಮಂಡಳಿಯ ಮುಂದೆ ಒಕ್ಕಲಿಗೆ ಆಧಾರವಾದದ್ದು ಜೋಪಾನ ಮಾಡಿದ ಗೇಣಿ ಚೀಟಿ. ನೇಮಕ ಪತ್ರ, ಸಂಬಳದ ಚೀಟಿಗಳನ್ನು ಇಂದಿನವರೂ ಹಾಗೆಯೇ ಕಾಪಾಡಿಕೊಳ್ಳಲಿ. ಹಕ್ಕು ಕೇಳುವ ದಿನ ಬಂದಾಗ ಕೈಯಲ್ಲಿ ಕಾಗದವಿರಬೇಕು.