ವಿಷಯ ನಿಶ್ಚಯವಾಗದ ವಿದ್ಯಾರ್ಥಿಯೂ ಕಾಲೇಜಿನ ಆಯ್ಕೆಯೂ
(ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಪರೀಕ್ಷೆಯ ಫಲವು ಪ್ರಕಟವಾದ ಮರುದಿನದಿಂದ ಈ ಮೂರೂ ತಾಲೂಕುಗಳ ಮನೆಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುವದು: “ಮುಂದ ಏನಾಗಾಂವ?” ಹದಿನೇಳು ಹದಿನೆಂಟು ವರುಷದ ಮಕ್ಕಳು ಉತ್ತರ ತೋಚದೆ ತಲೆ ತಗ್ಗಿಸುವರು. ಅಂಥವರನ್ನು ಗುರಿಯಿಲ್ಲದವರೆಂದು ನಾವು ಜರೆಯುತ್ತೇವೆ. ಆದರೆ ಯಾವ ಶಾಸ್ತ್ರದ ರುಚಿಯನ್ನೂ ಇನ್ನೂ ಕಾಣದವನು ಇಂಥದೇ ಬೇಕೆಂದು ಹೇಳುವದೆಂತು? ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸುವ ಆತುರ ನಮ್ಮದು. ಮನಸ್ಸು ನಿಶ್ಚಯವಾಗದವನು ಹೆಚ್ಚು ಬಾಗಿಲುಗಳು ತೆರೆದಿರುವ ಕಾಲೇಜನ್ನು ಆರಿಸಬೇಕು; ಇದೇ ನನ್ನ ಮಾತಿನ ಸಾರವು.

ಈ ಆಯ್ಕೆಯೇ ನಮ್ಮ ಹಿರಿಯರಿಗೆ ಇದ್ದಿಲ್ಲವೆಂಬದನ್ನು ಮೊದಲು ನೆನೆಯೋಣ. ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಾಗ ಈ ಭಾಗದ ಕನ್ನಡಿಗನು ಪುಣೆ ಕೊಲ್ಲಾಪುರಗಳ ದಾರಿಯನ್ನೂ, ಬಳ್ಳಾರಿಯವನು ಮದ್ರಾಸಿನ ದಾರಿಯನ್ನೂ, ಕಲಬುರ್ಗಿಯವನು ಹೈದರಾಬಾದಿನ ದಾರಿಯನ್ನೂ ಹಿಡಿಯಬೇಕಾಗುತ್ತಿತ್ತು. 1880ರಲ್ಲಿ ವಿಜಾಪುರದಲ್ಲಿ ಹುಟ್ಟಿದ ಆಲೂರ ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿತರು, ಕಾಯದೆಯ ಪದವಿಯನ್ನೂ ಪಡೆದರು. ಕೊನೆಗೆ ವಕೀಲಿಯನ್ನು ಬಿಟ್ಟು ನಾಡಿನ ಚರಿತ್ರೆಯನ್ನೂ ಏಕೀಕರಣವನ್ನೂ ತಮ್ಮ ಕೆಲಸವೆಂದು ಕೈಕೊಂಡರು. ಓದಿದ ವಿಷಯ ಒಂದು, ಬಾಳಿನ ಕಾರ್ಯ ಇನ್ನೊಂದು ಆಗುವದುಂಟೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅವರ ‘ಕರ್ನಾಟಕ ಗತವೈಭವ’ವು ಹೊರಬಂದ 1917ರಲ್ಲಿಯೇ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಅದರ ಹಿಂದಿನ ವರುಷ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ್ದರು. ಆ ಸಂಸ್ಥೆಯ ಲಿಂಗರಾಜ ಕಾಲೇಜು 1933ರಲ್ಲಿಯೂ, ಕಾಯದೆಯ ಕಾಲೇಜು 1939ರಲ್ಲಿಯೂ ಆರಂಭವಾದವು. ಆ ಕಾಯದೆಯ ಕಾಲೇಜಿಗೂ ನಮ್ಮ ಹಿಡಕಲ್ಲಿನ ಜಲಾಶಯಕ್ಕೂ ರಾಜಾ ಲಖಮಗೌಡರ ಒಂದೇ ಹೆಸರಿರುವದನ್ನು ಹುಕ್ಕೇರಿಯವರು ಬಲ್ಲರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು, 1956ರಲ್ಲಿ ನಾಡು ಒಂದಾಯಿತು, 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಬಂದಿತು. ಇಷ್ಟು ಜನರ ಶ್ರಮದಿಂದ ಮನೆಯ ಹತ್ತಿರಕ್ಕೆ ಬಂದ ವಿದ್ಯೆಯನ್ನು ನೋಡದೆಯೇ, ದೂರದ ಊರಿನ ಹೆಸರಿಗೆ ಮರುಳಾಗಿ ಹೊಲವನ್ನು ಅಡವಿಡುವದು ವಿವೇಕವಲ್ಲ.

ಇನ್ನು ವ್ಯವಹಾರದ ಮಾತು. ಮೊದಲನೆಯ ಬಾಗಿಲು ಎಸ್.ಎಸ್.ಎಲ್.ಸಿ. ಮುಗಿದೊಡನೆ ಬರುವದು. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿದವನು ಮುಂದೆ ಬಿ.ಎ., ಬಿ.ಕಾಂ.ಗಳಿಗೂ ಹೋಗಬಲ್ಲನು, ಕಲಾ ವಿಭಾಗದವನು ಸಾಮಾನ್ಯವಾಗಿ ಬಿ.ಎಸ್ಸಿ.ಗೆ ಹೋಗಲಾರನು. ಆದದ್ದರಿಂದ ಗಣಿತ ವಿಜ್ಞಾನಗಳಲ್ಲಿ ತಕ್ಕಮಟ್ಟಿಗೆ ಆಸಕ್ತಿಯುಳ್ಳ, ಆದರೆ ನಿಶ್ಚಯವಿಲ್ಲದ ಹುಡುಗನಿಗೆ ವಿಜ್ಞಾನವು ಹಿತವು. ಗಣಿತವೆಂದರೆ ನಡುಗುವವನನ್ನು ಮಾತ್ರ ಅದರಲ್ಲಿ ನೂಕಬೇಡಿರಿ. ಅನುತ್ತೀರ್ಣನಾದರೆ ಎಲ್ಲ ಬಾಗಿಲುಗಳೂ ಒಮ್ಮೆಲೇ ಮುಚ್ಚುವವು.

ಎರಡನೆಯದು ಪದವಿಯ ಕಾಲೇಜು. ಕಟ್ಟಡವನ್ನು ನೋಡಿ ಬೆರಗಾಗದೆ, ಎಷ್ಟು ಐಚ್ಛಿಕ ವಿಷಯಗಳನ್ನು ನಿಜವಾಗಿ ಕಲಿಸುವರೆಂದು ವಿಚಾರಿಸಿರಿ. ಕಾಗದದ ಮೇಲೆ ಹತ್ತು ವಿಷಯಗಳಿದ್ದು, ಮೂರಕ್ಕೆ ಮಾತ್ರ ಅಧ್ಯಾಪಕರಿದ್ದರೆ ಅದು ಮೂರು ಬಾಗಿಲಿನ ಮನೆಯೇ ಸರಿ. ಮೊದಲ ವಾರಗಳಲ್ಲಿ ವಿಷಯವನ್ನು ಬದಲಿಸಲು ಅವಕಾಶವುಂಟೆ, ಯಾವ ತಾರೀಖಿನ ವರೆಗೆ, ಎಂದು ಕೇಳಿ ಬರೆಯಿಸಿಕೊಳ್ಳಿರಿ. ಗ್ರಂಥಾಲಯವು ಸಂಜೆ ಎಷ್ಟು ಗಂಟೆಯ ವರೆಗೆ ತೆರೆದಿರುವದೆಂದು ಅಲ್ಲಿಯ ವಿದ್ಯಾರ್ಥಿಗಳನ್ನೇ ಕೇಳಿರಿ. ಅವರು ಸುಳ್ಳು ಹೇಳುವದಿಲ್ಲ.

ಮೂರನೆಯದು ಹಣದ ವಿಚಾರ. ಪ್ರವೇಶ ಪಡೆದ ಮೇಲೆ ಮನಸ್ಸು ತಿರುಗಿದರೆ ಕೊಟ್ಟ ಹಣವೆಲ್ಲ ಮುಳುಗಿತೆಂದು ಎಷ್ಟೋ ಪಾಲಕರು ತಿಳಿದಿರುವರು. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ಪ್ರಕಟಣೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಹಿಂತೆಗೆದುಕೊಂಡರೆ ಪೂರ್ಣ ಶುಲ್ಕವನ್ನೂ, ಆ ದಿನದ ನಂತರ ಹದಿನೈದು ದಿನಗಳೊಳಗಾದರೆ ನೂರಕ್ಕೆ 80ನ್ನೂ, ಮೂವತ್ತು ದಿನಗಳೊಳಗಾದರೆ ನೂರಕ್ಕೆ 50ನ್ನೂ ಮರಳಿ ಕೊಡತಕ್ಕದ್ದು. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ತನ್ನಲ್ಲಿ ಇಟ್ಟುಕೊಳ್ಳತಕ್ಕದ್ದಲ್ಲ. ರಸೀದಿಯನ್ನು ಜೋಪಾನವಾಗಿಡಿರಿ, ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಡಿರಿ.

ಕಾಯದೆಯ ಮೂರು ವರುಷದ ಶಿಕ್ಷಣಕ್ಕೂ, ಸರಕಾರದ ಆಡಳಿತ ಸೇವೆಯ ಪರೀಕ್ಷೆಗಳಿಗೂ ಯಾವ ವಿಷಯದ ಪದವಿಯಾದರೂ ಸಾಲುವದೆಂಬದನ್ನು ಮರೆಯಬಾರದು. ಹೀಗಿರಲು ಗೋಕಾಕದಲ್ಲಿಯೋ ಸಂಕೇಶ್ವರದಲ್ಲಿಯೋ ಬಸ್ಸಿನಲ್ಲಿ ಹೋಗಿಬಂದು ಪದವಿಯನ್ನು ಪಡೆಯುವವನು ಯಾರಿಗೂ ಕಡಿಮೆಯವನಲ್ಲ. ಅರಭಾವಿಯ ತೋಟಗಾರಿಕೆಯ ಕಾಲೇಜಿನಂಥ ವೃತ್ತಿಶಿಕ್ಷಣವು ಮನಸ್ಸು ಗಟ್ಟಿಯಾದವನಿಗೆ ಬಲು ಒಳ್ಳೆಯದು. ಆದರೆ ಪಕ್ಕದೂರಿನಲ್ಲಿದೆಯೆಂಬ ಒಂದೇ ಕಾರಣಕ್ಕೆ ಸೇರತಕ್ಕದ್ದಲ್ಲ. ಹೆಣ್ಣುಮಕ್ಕಳ ಮಾತಂತೂ ಇನ್ನೂ ಸೂಕ್ಷ್ಮವಾದದ್ದು. “ಇನ್ನೂ ನಿಶ್ಚಯವಿಲ್ಲ” ಎಂದ ಹುಡುಗನಿಗೆ ಒಂದು ವರುಷದ ಅವಕಾಶವು ಸಿಕ್ಕುವದು. ಅದೇ ಮಾತನ್ನಾಡಿದ ಹುಡುಗಿಗೆ ವರನನ್ನು ನೋಡುವ ಮನೆಗಳು ಇಂದಿಗೂ ಇವೆ. ಅವಳಿಗೂ ಅಷ್ಟೇ ಕಾಲಾವಕಾಶವನ್ನು ಕೊಡಿರೆಂದು ಕೈಮುಗಿದು ಬೇಡುತ್ತೇನೆ.

ಶಿಕ್ಷಕ ಬಂಧುಗಳೇ, ಈ ಭಾರವು ನಿಮ್ಮ ಮೇಲೆಯೇ ಹೆಚ್ಚು. ಬೇಸಿಗೆಯ ರಜೆಯ ಮುನ್ನ ನಿಮ್ಮ ಮಕ್ಕಳನ್ನು ಎರಡು ಮೂರು ಕಾಲೇಜುಗಳಿಗೆ ಕರೆದೊಯ್ಯಿರಿ. ಒಂದು ಗಂಟೆ ಪಾಠದಲ್ಲಿ ಕೂಡ್ರಿಸಿರಿ. ಯಾವ ಪಾಠದಲ್ಲಿ ಹುಡುಗನು ಗಡಿಯಾರವನ್ನು ನೋಡುವದನ್ನು ಮರೆತನೋ ಅದನ್ನು ಗುರುತಿಸಿ ಅವನ ತಾಯಿತಂದೆಗಳಿಗೆ ತಿಳಿಸಿರಿ. ಹಿರಿಯರು ದುಡಿದು ತೆರೆಸಿದ ಬಾಗಿಲುಗಳಲ್ಲಿ ನಮ್ಮ ಮಕ್ಕಳು ಕಣ್ಣು ತೆರೆದು ಒಳಹೋಗಲೆಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.